ಕನ್ನಡಿಯಲ್ಲಿ ಮೂಡಿದ ಜೇನುಗೂಡು

ಹಿಂದಿನ ಸಂಜೆ ಒಂದಿಷ್ಟೂ ಊನವಿಲ್ಲದಿದ್ದ ದೂರದರ್ಶಕದ ಕನ್ನಡಿ ಬೆಳಗ್ಗೆ ಒಂಬತ್ತಕ್ಕೆ ಕೆಟ್ಟಿತ್ತು. ಅಳತೆಯ ಯಂತ್ರದ ಪರದೆಯಲ್ಲಿ ಅದರ ನುಣುಪು ಮುಖದ ತುಂಬ ಜೇನುಗೂಡಿನಂಥ ಆರು ಮೂಲೆಯ ಉಬ್ಬುತಗ್ಗುಗಳು ಕಂಡವು. ನನ್ನ ಕಣ್ಣೇ ಸರಿಯಿಲ್ಲವೇನೋ ಎಂದು ಹತ್ತಕ್ಕೆ ಮತ್ತೆ ಅಳೆದೆ. ಗುರುತು ಇದ್ದೇ ಇತ್ತು, ತುಸು ಮಸುಕಾಗಿ.

"ಗಂಟೆಗೊಂದು ಅಳತೆ ಹೇಳ್ತೀಯಲ್ಲಮ್ಮ, ಕೆಲಸ ಬರುತ್ತೋ ಇಲ್ವೋ?" ಎಂದು ಮ್ಯಾನೇಜರ್ ನನ್ನ ಮೇಲೆ ಹರಿಹಾಯ್ದರು. ಆಮೇಲೆ ಕನ್ನಡಿ ಉಜ್ಜುವ ಪಾಲಿಷ್ ಅಣ್ಣನ ಕಡೆ ತಿರುಗಿದರು. "ನಿನ್ನೆ ಕೊನೆಗೆ ಮುಟ್ಟಿದ್ದು ನೀವು. ಸಾಲದು ಅಂತ ಇನ್ನೊಂದು ಸಲ ಉಜ್ಜಿ ಹಾಳು ಮಾಡಿದೀರಿ. ಮೂರು ಗಂಟೆಗೆ ಲಾರಿ ಕರೆಸಿ ಮತ್ತೆ ಅರೆಯೋಕೆ ಕಳಿಸ್ತೀನಿ."

ಅಣ್ಣ ಐದು ತಿಂಗಳು ಉಜ್ಜಿದ ಕನ್ನಡಿ ಅದು, ನಿವೃತ್ತಿಗೆ ಮುಂಚಿನ ಕೊನೆಯದು. ಪ್ಯಾಕಿಂಗ್ ವಿಭಾಗದಲ್ಲಿರುವ ಅವರ ಹೆಂಡತಿ, ನಮ್ಮೆಲ್ಲರ ಅತ್ತಿಗೆ, ಪರದೆ ನೋಡಿ ಬಿಳಚಿಕೊಂಡು ಹೊರಗೆ ಹೋದರು.

ನಾನು ಕಾರ್ಖಾನೆಯ ಹಿಂದಿನ ಕ್ವಾರ್ಟರ್ಸಿಗೆ ಓಡಿದೆ. ಅಲ್ಲಿ ನನ್ನತ್ತೆ ಇದ್ದರು. ನನಗಿಂತ ಮುಂಚೆ ಮೂವತ್ತು ವರ್ಷ ಅದೇ ಯಂತ್ರದ ಮುಂದೆ ಕೂತವರು. ಕಾರ್ಖಾನೆಯಲ್ಲಿ ಸೂಜಿ ಕಳೆದರೂ ಜನ ಕರೆಯುತ್ತಿದ್ದುದು ಅವರನ್ನೇ. ಸೊಸೆಯಾಗಿ ಹೇಳಬಾರದು, ಎಲ್ಲದರಲ್ಲೂ ಮೂಗು ತೂರಿಸುತ್ತಾರೆ. ಆದರೂ ನನಗೆ ಅವರೆಂದರೆ ಪ್ರಾಣ.

"ಹತ್ತಕ್ಕೆ ಮಸುಕಾಗಿತ್ತಾ? ಸರಿಯಾಗಿ ನೋಡಿದ್ಯೇನೇ?"

"ಖಂಡಿತ ಅತ್ತೆ."

"ಹಾಗಾದ್ರೆ ನಡಿ."

ಅಳತೆಯ ಕೋಣೆಯಲ್ಲಿ ಕನ್ನಡಿ ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಂತಿತ್ತು. ತೂಕ ಇಳಿಸಲು ಅದರ ಬೆನ್ನಲ್ಲಿ ಆರು ಮೂಲೆಯ ಗುಳಿಗಳನ್ನು ಕೊರೆದಿದ್ದರು. ಅತ್ತೆ ಟಾರ್ಚ್ ಹಿಡಿದು ಒಂದೊಂದನ್ನೂ ಇಣುಕಿ, ಚಿಮಟದಿಂದ ಒಂದು ಹಸಿರು ದಾರ ಎತ್ತಿದರು. ಏಸಿ ಯಾವಾಗ ಹಾಕುತ್ತೀರಿ, ಬೀಗದ ಕೈ ಯಾರ ಬಳಿ ಎಂದು ಕೇಳಿದರು. ರಾತ್ರಿ ಏಸಿ ಇರುವುದಿಲ್ಲ, ಬೆಳಗ್ಗೆ ಆರಕ್ಕೆ ತಾನಾಗಿ ಶುರುವಾಗುತ್ತದೆ. ಬೀಗದ ಕೈ ನನ್ನ ಬಳಿ, ಅಣ್ಣನ ಬಳಿ ಮತ್ತು ಪ್ಯಾಕಿಂಗಿನಲ್ಲಿ.

ಎರಡೂವರೆಗೆ ಎಲ್ಲರೂ ಆ ಕೋಣೆಯಲ್ಲಿ ಸೇರಿದೆವು.

"ಉಜ್ಜಿ ಆದ ತಗ್ಗು ಒಂದು ಗಂಟೇಲಿ ತಾನಾಗಿ ಕಮ್ಮಿ ಆಗಲ್ಲ," ಎಂದರು ಅತ್ತೆ. "ನಮ್ಮ ಸೊಸೆ ಅಳತೆ ಎರಡೂ ಸರಿ. ಇದು ಶಾಖದ ಕೆಲಸ. ರಾತ್ರಿ ರೂಮು ಬೆಚ್ಚಗಾಗುತ್ತೆ, ಬೆಳಗ್ಗೆ ಒಂಬತ್ತರ ಹೊತ್ತಿಗೆ ಕನ್ನಡಿ ಪೂರ್ತಿ ತಣೀಬೇಕು. ಇವತ್ತು ತೆಳ್ಳಗಿರೋ ಮುಖ ತಣೀತು, ಹಿಂದಿನ ಗುಳಿಗಳ ಗೋಡೆ ಬಿಸಿಯಾಗೇ ಉಳೀತು. ಎರಡರ ಎಳೆದಾಟಕ್ಕೆ ಗೋಡೆಗಳ ಗುರುತು ಮುಖದ ಮೇಲೆ ಬಂತು."

"ಹಿಂಭಾಗ ಯಾಕೆ ತಣೀಲಿಲ್ಲ?" ಎಂದರು ಮ್ಯಾನೇಜರ್.

"ಯಾರೋ ಬೆನ್ನಿಗೆ ದಪ್ಪ ಬಟ್ಟೆ ಹೊದಿಸಿ, ಒಂಬತ್ತಕ್ಕೆ ಸ್ವಲ್ಪ ಮುಂಚೆ ತೆಗೆದಿದಾರೆ. ದಾರ ಉಳೀತು. ಬೀಗದ ಕೈ ಮೂವರ ಹತ್ರ. ಅದರಲ್ಲಿ ಅಳೆಯೋರಾಗ್ಲಿ ಉಜ್ಜೋರಾಗ್ಲಿ ಈ ತಪ್ಪು ಮಾಡಲ್ಲ." ಅತ್ತೆಯ ದನಿ ಮೆತ್ತಗಾಯಿತು. "ಹೇಳಮ್ಮ, ಯಾರೂ ಬೈಯಲ್ಲ."

ಅತ್ತಿಗೆ ಬಿಕ್ಕಿದರು. "ಇವರ ಕೊನೇ ಕನ್ನಡಿ, ಗುಳೀಲಿ ಧೂಳು ಕೂರಬಾರ್ದು ಅಂತ ಹೊದಿಕೆ ಹೊಲಿದಿದ್ದೆ. ನನ್ನ ಹೊಲಿಗೆಯ ಚೌಕಗಳೇ ಗಾಜಿನ ಮೇಲೆ ಒತ್ಕೊಂಡ್ವು ಅಂದ್ಕೊಂಡೆ."

"ಚೌಕಕ್ಕೆ ನಾಲ್ಕು ಮೂಲೆ. ಪರದೇಲಿ ಇದ್ದದ್ದು ಆರು. ಎಣಿಸಿದ್ದಿದ್ರೆ ಇಷ್ಟು ಅಳಬೇಕಿರ್ಲಿಲ್ಲ ಕಣಮ್ಮ."

ನಾನು ಮೂರನೇ ಸಲ ಅಳೆದೆ. ಪರದೆಯಲ್ಲಿ ಒಂದು ಗುರುತೂ ಇರಲಿಲ್ಲ. ಮ್ಯಾನೇಜರ್ ಲಾರಿ ಬೇಡವೆಂದು ಫೋನ್ ಮಾಡಿ, ಅಣ್ಣನ ಕೈ ಹಿಡಿದು ಕ್ಷಮೆ ಕೇಳಿದರು. ನನ್ನನ್ನೂ ಕೇಳಿದರು, ಅದು ನನಗೆ ಬಹಳ ಹಿಡಿಸಿತು.

ಅತ್ತಿಗೆ ಬೀರುವಿನಿಂದ ಹಸಿರು ಹೊದಿಕೆ ತಂದರು. ಅಣ್ಣ ಅದನ್ನು ಬಿಡಿಸಿ ನೋಡಿದರು.

"ನನ್ನ ಹೊದಿಕೆ ಹರಿದು ಮೂರು ವರ್ಷ ಆಯ್ತು. ಗಾಜಿಗೆ ಮಾತ್ರ ಹೊಸದಾ?"

"ಐದು ತಿಂಗಳು ನಿಮ್ಮ ಕೈ ಅದರ ಮೇಲೇ ಇತ್ತು. ನನಗೆ ಅದು ಬೇರೆಯವರದು ಅನ್ನಿಸ್ಲೇ ಇಲ್ಲ."

ಅಣ್ಣ ಹೊದಿಕೆಯನ್ನು ಮಡಚಿ ಹೆಗಲಿಗೆ ಹಾಕಿಕೊಂಡರು.

"ಕನ್ನಡಿ ನಿಮ್ದು ಸಾರ್," ಎಂದರು ಮ್ಯಾನೇಜರಿಗೆ. "ಇದು ನಮ್ಮ ಮನೇದು."