ಹೆಣದ ಮೇಲೆ ಹೊಟ್ಟೆಕಿಚ್ಚು

"ನನ್ನ ಹೆಣ ಎಲ್ಲಿ?"

ಬಾಗಿಲು ಕೂಡ ತಟ್ಟದೆ ಎಡಿಟಿಂಗ್ ಕೋಣೆಗೆ ನುಗ್ಗಿದ ನಿರ್ದೇಶಕನ ಮೊದಲ ಮಾತೇ ಅದು. ಎಡಿಟರ್ ಹುಡುಗಿ ತಿರುಗಿಯೂ ನೋಡಲಿಲ್ಲ.

"ಕತ್ತರಿಸಿದೆ."

"ಅಷ್ಟೂ?!"

"ಎರಡು ಸೆಕೆಂಡ್ ಉಳಿಸಿದ್ದೀನಿ. ಸತ್ತಿದ್ದಾಳೆ ಅಂತ ಗೊತ್ತಾಗೋಕೆ ಅಷ್ಟು ಸಾಕು."

ಸ್ನೇಹಿತರೆಲ್ಲ ಸೇರಿ ತೆಗೆಯುತ್ತಿದ್ದ ದೆವ್ವದ ಸಿನಿಮಾ ಅದು. ನಾಲ್ಕು ಬಿಡಿ ಕಥೆಗಳು. ನಾಲ್ಕರಲ್ಲೂ ಆಸೆಯ ಬೆನ್ನಿಗೇ ಸಾವು. ಮೂರನೆಯದರಲ್ಲಿ ಗಂಡನೊಬ್ಬ ಸತ್ತ ಹೆಂಡತಿಯನ್ನು ಬಿಟ್ಟುಕೊಡಲಾರದೆ ಪಕ್ಕದಲ್ಲೇ ಮಲಗಿಸಿಕೊಳ್ಳುತ್ತಾನೆ. ಆ ಹೆಂಡತಿಯಾಗಿದ್ದ ನಟಿ ಮಹಾ ಸುಂದರಿ. ಹಾಳಾದವಳು, ಸತ್ತರೂ ಸುಂದರಿಯೇ!

ಉಳಿದ ಶಾಟ್‌ಗಳಿಗೆಲ್ಲ ಎರಡೋ ಮೂರೋ ಟೇಕ್. ಅವಳು ಸುಮ್ಮನೆ ಹೆಣವಾಗಿ ಮಲಗಿದ್ದಕ್ಕೆ ಮೂವತ್ತೆರಡು! ಹತ್ತು ದಿನದಿಂದ ನಿರ್ದೇಶಕ ಇಲ್ಲೇ ಕೂತು, "ಇನ್ನೊಂದ್ಸಲ ಹಾಕಿ" ಎನ್ನುತ್ತಲೇ ಇದ್ದ. ಪಕ್ಕದಲ್ಲಿದ್ದ ಎಡಿಟರ್‌ಗೆ ಅವನೆಂದರೆ ಪ್ರಾಣ. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ. ಹತ್ತೂ ದಿನ ಹೊಟ್ಟೆಯೊಳಗೆ ಬೆಂಕಿ.

'ಉಸಿರಿಲ್ಲದವಳ ಮೇಲೂ ಉರಿದು ಬೀಳೋ ಗತಿ ಬಂತಲ್ಲ ನನಗೆ...'

"ಆಕೆ ಮೇಲೆ ಅಷ್ಟೊಂದು ಪ್ರೀತಿ ಇದ್ರೆ ಹೋಗಿ ಆಕೆಗೇ ಹೇಳಿ!" ಅವಳು ಕುರ್ಚಿಯಿಂದ ಎದ್ದಳು. "ನಾಳೆಯಿಂದ ಬೇರೆ ಎಡಿಟರ್ ನೋಡ್ಕೊಳ್ಳಿ."

ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟಳು. ಅವನ ಮುಖ ಬಿಳಿಚಿಕೊಂಡಿತು.

"ನಿಲ್ಲಿ! ಮೊದಲನೇ ಟೇಕೇ ಸರಿಯಾಗಿತ್ತು."

"ಮತ್ತೆ ಉಳಿದ ಮೂವತ್ತೊಂದು ಯಾಕೆ?"

"ಒಂದೇ ತಂದಿದ್ರೆ ನೀವು ಒಂದು ಗಂಟೇಲಿ ಮುಗಿಸಿ ಕಳಿಸಿಬಿಡ್ತಿದ್ರಿ..." ಅವನು ತಲೆ ತಗ್ಗಿಸಿದ. "ಮೂವತ್ತೆರಡಿದ್ರೆ ಇನ್ನಷ್ಟು ದಿನ ನಿಮ್ಮ ಪಕ್ಕ ಕೂತಿರಬಹುದು ಅಂತ... ಪಾಪ, ಆ ನಟಿಗೆ ತಣ್ಣನೆ ನೆಲದ ಮೇಲೆ ಮಲಗಿ ಮಲಗಿ ಸೊಂಟ ಹಿಡ್ಕೊಂಡಿದೆ. ಇವತ್ತಿಗೂ ಫೋನ್ ಮಾಡಿ ಉಗೀತಾರೆ."

ಅವಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. ಚೀಲ ಹೆಗಲಿನಿಂದ ಜಾರಿತು.

"ಬಾಯಿಬಿಟ್ಟು ಹೇಳೋಕೆ ಏನಾಗಿತ್ತು?"

"ಭಯ."

"ದೆವ್ವದ ಸಿನಿಮಾ ತೆಗಿಯೋರಿಗೆ ಭಯಾನಾ?"

"ದೆವ್ವ 'ಇಲ್ಲ' ಅನ್ನಲ್ಲ. ನೀವು ಅಂದುಬಿಟ್ರೆ...?"

ಅವಳು ನಿಧಾನವಾಗಿ ಬಂದು ತನ್ನ ಕುರ್ಚಿಯಲ್ಲಿ ಕೂತಳು. ಪಕ್ಕದ ಕುರ್ಚಿಯನ್ನು ಹತ್ತಿರಕ್ಕೆ ಎಳೆದಳು.

"ನಾಲ್ಕನೇ ಕಥೆ ಶೂಟಿಂಗ್ ಇನ್ನೂ ಬಾಕಿ ಅಲ್ವಾ?"

"ಹೂಂ."

"ಎಲ್ಲಾ ಶಾಟೂ ಒಂದೊಂದೇ ಟೇಕ್ ತೆಗೀರಿ."

ಅವನ ಮುಖ ಬಾಡಿತು. "ಯಾಕೆ?"

"ಸಿನಿಮಾ ಬೇಗ ಮುಗೀಲಿ," ಅವಳು ಅವನ ಕೈ ಹಿಡಿದಳು. "ಆಮೇಲೆ ಯಾವ ನೆಪಾನೂ ಇಲ್ದೆ ಪಕ್ಕ ಪಕ್ಕ ಕೂತ್ಕೊಳ್ಳೋಣ."