ಸೋಮವಾರದ ಉಪವಾಸ

ಸೋಮವಾರ ಮಧ್ಯಾಹ್ನ ಎರಡೂವರೆ ಗಂಟೆ. ಹಿರೇಕೆರೂರಿನ ಮನೆಯ ಅಡುಗೆಕೋಣೆಯಲ್ಲಿ ಸುಧಾರಾಣಿ ಕುಸಿದು ಬಿದ್ದಳು.

ಗಂಡ ಲೋಹಿತ ಓಡಿ ಬಂದು ಎತ್ತಿಕೊಂಡ. ಮದುವೆಯಾದ ಒಂದು ವರ್ಷದಲ್ಲಿ ಅವಳನ್ನು ಎತ್ತಿಕೊಂಡದ್ದು ಅದೇ ಮೊದಲು. ಎಷ್ಟು ಹಗುರ...!

"ಉಪಾಸದ ನಿತ್ರಾಣ," ಎಂದರು ಅತ್ತೆ ವೀರವ್ವ. "ನನ್ನ ಸೊಸಿ ಅಂಥಾ ಭಕ್ತಿವಂತಿ!"

ಸೋಮವಾರ ಉಪವಾಸ, ಅಮಾವಾಸ್ಯೆಗೆ ಉಪವಾಸ, ಆಮೇಲೆ ಗುರುವಾರವೂ. ಉಳಿದ ದಿನ ಎಲ್ಲರೂ ಉಂಡ ಮೇಲೆ ಅವಳ ಊಟ. ಅವಳ ತಾಟನ್ನು ಯಾರೂ ನೋಡಿರಲಿಲ್ಲ. ಲೋಹಿತನಂತೂ ಹೆಂಡತಿಯ ವ್ರತವನ್ನು ಗೆಳೆಯರ ಮುಂದೆ ಹೊಗಳಿಕೊಂಡಿದ್ದ.

ಹಾವೇರಿಯ ಆಸ್ಪತ್ರೆಯಲ್ಲಿ ವೈದ್ಯರು ಅನೊರೆಕ್ಸಿಯಾ ಎಂದರು. ದಪ್ಪಗಾಗುವ ಭಯದಿಂದ ಊಟ ಬಿಡಿಸುವ ಕಾಯಿಲೆ. ಹೃದಯದ ಬಡಿತ ನಿಧಾನವಾಗಿತ್ತು. ಹೀಗೇ ಬಿಟ್ಟರೆ ಜೀವಕ್ಕೆ ಅಪಾಯ ಎಂದರು.

"ನಾ ಬ್ಯಾಡಾಗಿ ಊಟಾ ಬಿಟ್ಟೇನ? ಬಾಯಿಬಿಟ್ಟು ಹೇಳಬೇಕಿತ್ತು!" ಎಂದ ಲೋಹಿತ.

ಅಯ್ಯೋ, ಇವರಿಗೆ ಹಾಗೆ ಅನಿಸಿತೇ... ಸುಧಾರಾಣಿ ಹಾಸಿಗೆಯಿಂದ ತಲೆ ಎತ್ತಿದಳು.

"ನಿಮ್ಮ ಸಲುವಾಗಿ ಅಲ್ರೀ. ಕಾಲೇಜಿಗೆ ಹೋಗುವಾಗಿಂದ ಐತಿ. ದೇವರ ಹೆಸರು ಹೇಳಿದ್ರ ಯಾರೂ ಉಣ್ಣು ಅಂತಿರಲಿಲ್ಲ. ನೀವು ಹೊಗಳತಿದ್ರಿ... ಹೊಗಳಿದಷ್ಟೂ ಬಿಡತಿದ್ದೆ."



ಸ್ವಲ್ಪ ಚೇತರಿಸಿಕೊಂಡ ಮೇಲೆ ಮನೆಗೆ ಕಳಿಸಿದರು. ವಾರಕ್ಕೊಮ್ಮೆ ಅದೇ ಆಸ್ಪತ್ರೆಯ ಆಪ್ತಸಮಾಲೋಚಕಿ ಮಾಹೀರಾ ಅವರನ್ನು ಕಾಣಬೇಕಿತ್ತು. ಅವರು ಮೊದಲು ತೂಕ, ಊಟ ವಿಚಾರಿಸುತ್ತಿದ್ದರು. ಉಳಿದ ಹೊತ್ತು ಸುಧಾರಾಣಿ ಹೇಳಬೇಕೆಂದುಕೊಂಡ ಮಾತಿಗೆ ಮೀಸಲು. ಅವರು ಲೋಹಿತನಿಗೆ ಹೇಳಿದ್ದು ಇಷ್ಟೇ: "ಬೈಬ್ಯಾಡ್ರಿ, ಹೊಗಳಬ್ಯಾಡ್ರಿ. ಜೋಡಿ ಕುಂತು ಉಣ್ರಿ. ಬ್ಯಾರೆ ಏನರ ಮಾತಾಡ್ರಿ."

ಹೀಗೆ ಕೆಲವು ವಾರ ಕಳೆದ ಮೇಲೆ ಒಂದು ಸೋಮವಾರ ಲೋಹಿತ ಎರಡು ತಾಟು ಹಾಕಿದ.

"ಸೋಮವಾರ ಐತೋ! ಆಕಿ ವ್ರತಾ ಕೆಡಸ್ತಿಯೇನ?" ವೀರವ್ವ ಬಾಗಿಲಲ್ಲೇ ನಿಂತರು. ಕಾಯಿಲೆಯ ಹೆಸರನ್ನು ಅವರಿಗೆ ಇನ್ನೂ ಯಾರೂ ಹೇಳಿರಲಿಲ್ಲ.

"ವ್ರತ ಅಲ್ರೀ ಅತ್ತಿ," ಎಂದಳು ಸುಧಾರಾಣಿ, ತಾಟಿನ ಮುಂದೆ ಕೂಡುತ್ತ. "ಸುಳ್ಳು ಹೇಳಿದ್ದೆ. ಅದು ಕಾಯಿಲಿ."

"ಓಣಿ ತುಂಬ ನಿನ್ನ ಭಕ್ತಿ ಹೇಳಿಕೊಂಡು ಅಡ್ಡಾಡೇನಿ. ನನ್ನ ಮರ್ಯಾದಿ ಕಳದಿ!"

ವೀರವ್ವ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ರೊಟ್ಟಿ ಮುರಿದ ಸುಧಾರಾಣಿಯ ಕೈ ಅಲ್ಲೇ ನಿಂತಿತು.

"ಅಂಜಿಕಿ ಆಗತೈತ್ರಿ..."

"ನನಗೂ."

"ನೀವು ಉಂಡು ಏಳ್ರಿ. ನಿಮಗ ಅಂಗಡಿ ತಗಿಯೂ ಹೊತ್ತಾತು."

"ನೀ ಏಳೂತನಕ ಕುಂತಿರತೇನಿ. ಅಂಗಡಿ ಎಲ್ಲಿ ಓಡಿ ಹೋಗತೈತಿ?"

ಅವಳ ತುಟಿಯಲ್ಲಿ ನಗು ಬಂದಂತಾಯಿತು. ಕಣ್ಣೂ ತುಂಬಿತು.

"ಮತ್ತ ಬಿದ್ರ?"

"ಎತ್ತತೇನಿ. ಆದ್ರ ಅವತ್ತಿನಷ್ಟು ಹಗುರ ಇರಬ್ಯಾಡ ಮಾರಾಯ್ತಿ..."

ಅವಳು ಅರ್ಧ ರೊಟ್ಟಿ ತಿಂದಳು. ವೀರವ್ವ ಅಂದು ಸೊಸೆಯನ್ನು ಮಾತಾಡಿಸಲಿಲ್ಲ, ಮರುದಿನವೂ ಮಾತಾಡಿಸಲಿಲ್ಲ. ಅದೇ ಮಂಗಳವಾರ ಬೆಳಿಗ್ಗೆ ಗಂಡ ಹೆಂಡತಿ ಮಾಹೀರಾ ಅವರನ್ನು ಕಾಣಲು ಹಾವೇರಿಯ ಬಸ್ಸು ಹತ್ತಿದರು.