ತಾಯಿ ಬೇಡವೆಂದ ಇಳಿಜಾರು

ಬಲು ಹಿಂದಿನ ಮಾತು. ಮೋಡಗಳು ಮನೆಯ ಮಾಡಿನ ಮೇಲೆ ಕೂತು ದಣಿವಾರಿಸಿಕೊಳ್ಳುತ್ತಿದ್ದ ಕಾಲ. ಆಗ ಹಿಮಬೆಟ್ಟಗಳ ನಡುವೆ ಶ್ವೇತಕೂಟವೆಂಬ ರಾಜ್ಯವಿತ್ತು. ಅಲ್ಲಿನ ಜನ ಬೆಟ್ಟವನ್ನೇ ಹೈಮವತಿ ತಾಯಿ ಎಂದು ಪೂಜಿಸುತ್ತಿದ್ದರು. ಆ ತಾಯಿಯ ಕೃಪೆ ದೊಡ್ಡದು. ಕತೆ ಕೇಳುವ ನಮ್ಮ ಮೇಲೂ ಅದು ಇರಲಿ.

ಬೆಟ್ಟದ ನೆತ್ತಿಯಲ್ಲಿ ಶೀತಜಂಘನೆಂಬ ಮಾಂತ್ರಿಕನಿದ್ದ. ಅವನ ಕೆಲಸ ಒಂದೇ. ಮೇಲೆ ಬಿದ್ದ ಹೊಸ ಹಿಮವನ್ನು ಹಾಗೇ ಬಿಟ್ಟು, ಅಡಿಯ ಹಿಮಕ್ಕೆ ಮಂತ್ರ ಊದುವುದು. ಊದಿದ ಕಡೆಯಲ್ಲೆಲ್ಲ ಹಿಮ ಸಕ್ಕರೆಯ ಹರಳಿನಂತೆ ಬಿಡಿಬಿಡಿಯಾಗುತ್ತಿತ್ತು. ಮೇಲಿನಿಂದ ನೋಡಿದರೆ ಬಿಳಿ ಕಂಬಳಿ ಹಾಸಿದಂತೆ ಚೆಂದ. ಕಾಲಿಟ್ಟರೆ ಇಡೀ ಇಳಿಜಾರೇ ಕಿತ್ತುಕೊಂಡು ಬಂದು ದಾರಿಹೋಕರನ್ನು ನುಂಗುತ್ತಿತ್ತು. ಅವರ ಉಸಿರನ್ನು ಕುಡಿದು ಶೀತಜಂಘ ಮುದಿಯಾಗದೆ ಮೆರೆಯುತ್ತಿದ್ದ.

ಅವನ ಆಟ ಕೆಡಿಸಿದವಳು ಮಾಳಲೆ ಎಂಬ ಕುರಿಗಾಹಿ ಹೆಣ್ಣು. ಒಮ್ಮೆ ತಾಯಿ ಅವಳ ಕನಸಿನಲ್ಲಿ ಬಂದು, “ನನ್ನ ಮೈಮೇಲೆ ಕಾಲಿಡುವ ಮುಂಚೆ ನನ್ನನ್ನೊಂದು ಮಾತು ಕೇಳಬಾರದೇ ಮಗಳೇ?” ಎಂದಳು. ಅಂದಿನಿಂದ ಮಾಳಲೆ ಇಳಿಜಾರಿನ ಅಂಚಿನಲ್ಲಿ ಎದೆಮಟ್ಟ ಗುಂಡಿ ತೋಡಿ, ಹಿಮದ ಪದರುಗಳನ್ನು ನೋಡಿ, ಮೇಲಿನಿಂದ ಅಂಗೈಯಲ್ಲಿ ತಟ್ಟಿ, “ಹೈಮವತಮ್ಮಾ, ಕಾಲಿಡಲೇ?” ಎಂದು ಕೇಳತೊಡಗಿದಳು. ಹಿಮ ಗಟ್ಟಿಯಾಗಿ ನಿಂತರೆ ತಾಯಿ ಹೂಂ ಎಂದಂತೆ. ಧುಸ್ ಎಂದು ಕುಸಿದು ಮೇಲಿನ ಪದರು ಜಾರಿದರೆ ಬೇಡವೆಂದಂತೆ. ಊರಿಗೆ ಊರೇ ಇದನ್ನು ಕಲಿಯಿತು. ಬಲೆಗೆ ಬೀಳುವವರಿಲ್ಲದೆ ಮಾಂತ್ರಿಕನ ಗಡ್ಡ ನೆರೆಯತೊಡಗಿತು.

ರೊಚ್ಚಿಗೆದ್ದ ಅವನು ಒಂದು ಬೆಳಿಗ್ಗೆ ಬಿರುಗಾಳಿಯಾಗಿ ಬಂದು ಮಾಳಲೆಯನ್ನು ಹೊತ್ತೊಯ್ದ. ಅವಳ ತಮ್ಮ ಚೆನ್ನಿಗನ ಕಿವಿಯಲ್ಲಿ ಗಾಳಿ ಗಹಗಹಿಸಿತು: “ಹೊತ್ತು ಮುಳುಗುವುದರೊಳಗೆ ಮೂರು ಇಳಿಜಾರು ದಾಟಿ ನನ್ನ ಗುಹೆಗೆ ಬಾ! ತಡವಾದರೆ ನಿನ್ನಕ್ಕ ಮಂಜುಗಡ್ಡೆಯ ಕಂಬ!”

ಚೆನ್ನಿಗನಿಗೆ ಅಕ್ಕನೆಂದರೆ ಪ್ರಾಣ. ಸಲಿಕೆಯನ್ನು ಹೆಗಲಿಗೇರಿಸಿ, ತಾಯಿಗೆ ಕೈಮುಗಿದು, ಒಂದೇ ಓಟ ಕಿತ್ತ.

ಮೊದಲ ಇಳಿಜಾರಿನ ಅಂಚಿನಲ್ಲಿ ಗಾಜಿನ ಮೈಯ ಕುದುರೆಯೊಂದು ಗೊರಸು ಕೆರೆಯುತ್ತ ನಿಂತಿತ್ತು.

“ಹತ್ತು ಮಾರಾಯ, ಕಣ್ಣು ಮಿಟುಕಿಸೋದರಲ್ಲಿ ಆಚೆ ಬಿಡ್ತೀನಿ. ಗುಂಡಿ ತೋಡ್ತಾ ಕೂತರೆ ನಿನ್ನಕ್ಕನ ಗತಿ?”

ಚೆನ್ನಿಗ ತುದಿಗಾಲಲ್ಲಿದ್ದ. ಆದರೂ ಅಂದ, “ಒಂಚೂರು ಇರು ಕುದುರೆಯಪ್ಪ. ಅಮ್ಮನ್ನ ಕೇಳಿಬಿಡ್ತೀನಿ.”

ತೋಡಿದ, ತಟ್ಟಿದ. “ಹೈಮವತಮ್ಮಾ, ಕಾಲಿಡಲೇ?”

ಧುಸ್!

“ಬೇಡ ಅಂದಳು. ನಾನು ಪಕ್ಕದ ಬಂಡೆ ಹತ್ತಿಕೊಂಡೇ ಹೋಗ್ತೀನಿ.”

ಕುದುರೆ ಸಿಟ್ಟಿನಿಂದ ಕೆನೆದು, ನಿಂತಲ್ಲೇ ಕರಗಿ ನೀರಾಯಿತು. ಚೆನ್ನಿಗ ಬಂಡೆಯ ಅಂಚಿಗೆ ಜೋತುಬಿದ್ದು, ಉಗುರು ಕಿತ್ತು ರಕ್ತ ಬಂದರೂ ಬಿಡದೆ ಆಚೆ ಸೇರಿದ.

ಎರಡನೆಯ ಇಳಿಜಾರಿನ ನಟ್ಟನಡುವೆ ಎಂಟು ಕಾಲಿನ ಶರಭ! ಅದರ ಒಂದೊಂದು ಕೋರೆ ಒಂದೊಂದು ನೇಗಿಲಿನಷ್ಟು.

“ಮುಂದೆ ಬಂದೆಯೋ, ಸಿಗಿದು ಹಾಕ್ತೀನಿ! ಓಡು ಮನೆಗೆ!”

ಚೆನ್ನಿಗ ಹೆದರುತ್ತಲೇ ತೋಡಿದ, ಹೆದರುತ್ತಲೇ ತಟ್ಟಿದ. “ಹೈಮವತಮ್ಮಾ, ಕಾಲಿಡಲೇ?”

ಹಿಮ ಅಲುಗಲಿಲ್ಲ. ಮುಷ್ಟಿ ಕಟ್ಟಿ ಗುದ್ದಿದ. ಅಲುಗಲೇ ಇಲ್ಲ.

“ಅಮ್ಮ ಬಾ ಅಂದಮೇಲೆ ಬೇಡ ಅನ್ನೋಕೆ ನೀನ್ಯಾವನಯ್ಯಾ?” ಎಂದವನೇ ತಾಯಿಯ ಹೆಸರು ಹೇಳುತ್ತ ನೇರವಾಗಿ ಶರಭದ ಬಾಯೊಳಕ್ಕೇ ನಡೆದ. ಆಹಾ! ಬಾಯಿಯೂ ಮಂಜು, ಕೋರೆಯೂ ಮಂಜು! ಆಚೆ ಹೊರಬಂದಾಗ ಅವನ ಮೀಸೆ ಬೆಳ್ಳಗಾಗಿತ್ತು, ಅಷ್ಟೇ.

ಮೂರನೆಯ ಇಳಿಜಾರಿಗೆ ಬರುವಾಗ ಸೂರ್ಯ ಶಿಖರಕ್ಕೆ ತಗುಲಿದ್ದ. ಆಚೆ ಗುಹೆಯ ಬಾಗಿಲಲ್ಲಿ ಮಾಳಲೆ ನಿಂತಿದ್ದಳು, ಎದೆಯವರೆಗೂ ಮಂಜುಗಡ್ಡೆ. ಪಕ್ಕದಲ್ಲಿ ಮಂತ್ರದಂಡ ಹಿಡಿದ ಕಪ್ಪು ಪೇಟದ ಶೀತಜಂಘ.

ಚೆನ್ನಿಗ ಬಿರಬಿರನೆ ತೋಡಿದ. ಅಡಿಯ ಪದರು ಹರಿದ ಚೀಲದ ಸಕ್ಕರೆಯಂತೆ ಸುರಿಯಿತು. ಅಂಗೈ ಮುಟ್ಟಿದ್ದೇ ತಡ, ಧುಸ್! ಅತ್ತ ನೋಡಿದರೆ ಪ್ರಪಾತ, ಇತ್ತ ನೋಡಿದರೆ ಪ್ರಪಾತ. ಬೇರೆ ದಾರಿಯೇ ಇಲ್ಲ.

“ಅಮ್ಮಾ, ಇದೊಂದು ಸಲ ಹೂಂ ಅನ್ನೇ,” ಎಂದು ಅಳುತ್ತ ಮತ್ತೆ ತಟ್ಟಿದ.

ಧುಸ್!

ಮಂಜುಗಡ್ಡೆ ಮಾಳಲೆಯ ಕುತ್ತಿಗೆಗೆ ಬಂದಿತ್ತು. ಆದರೂ ಅವಳ ಗಂಟಲು ಊರಿಗೇ ಕೇಳುವಂತಿತ್ತು. “ಒಂದು ಸಲ ಬೇಡ ಅಂದಮೇಲೆ ಎರಡನೇ ಸಲ ಏನೋ ಕೇಳೋದು ಮಂಕೇ? ಅಲ್ಲೇ ನಿಲ್ಲು! ಕಾಲಿಟ್ಟೆ ಅಂದರೆ ಬೆನ್ನು ಮುರೀತೀನಿ!”

ಚೆನ್ನಿಗ ಕಣ್ಣೊರೆಸಿಕೊಂಡು ಸಲಿಕೆಯನ್ನು ನೆಲಕ್ಕೂರಿದ. “ಇಡಲ್ಲ ಅಕ್ಕಾ. ನಿನ್ನನ್ನ ಅಮ್ಮನ ಮಡಿಲಿಗೆ ಹಾಕಿದ್ದೀನಿ.”

ಶೀತಜಂಘ ಹಲ್ಲು ಕಡಿದ. ಉಸಿರು ಸಿಗದೆ ಎಷ್ಟೋ ಕಾಲದಿಂದ ಹಸಿದಿದ್ದವನು. ಕಣ್ಣೆದುರಿನ ತುತ್ತು ಆಚೆ ದಡದಲ್ಲೇ ನಿಂತುಬಿಟ್ಟರೆ ತಡೆದಾನೆಯೇ? “ಹೇಡಿ! ನೀನು ಬರದಿದ್ದರೆ ನಾನೇ ಬಂದು ಎಳೀತೀನಿ!” ಎಂದು ದಂಡ ಬೀಸಿ ಹೆಜ್ಜೆ ಎತ್ತಿದ.

ಚೆನ್ನಿಗ ಎರಡೂ ಕೈ ಚಾಚಿ ಕೂಗಿದ, “ಸ್ವಾಮೀ, ಬರಬೇಡಿ! ಅಡಿಯೆಲ್ಲ ಟೊಳ್ಳು! ತಾಯಾಣೆ, ನಿಜ ಹೇಳ್ತಿದ್ದೀನಿ!”

“ನಾನು ಊದಿದ ಹಿಮ! ಅದರ ಮೇಲೆ ನಡೆಯೋಕೆ ನನಗೆ ಯಾರ ಅಪ್ಪಣೆ?” ಎಂದು ಶೀತಜಂಘ ದಪ್ಪನೆ ಕಾಲೂರಿದ.

ಬೆಟ್ಟ ಒಂದು ಕ್ಷಣ ಉಸಿರು ಹಿಡಿಯಿತು. ಧುಸ್ಸ್! ಬಿರುಕೊಂದು ಹಾವಿನಂತೆ ಈ ತುದಿಯಿಂದ ಆ ತುದಿಗೆ ಸರ್ರನೆ ಹರಿಯಿತು. ಇಡೀ ಇಳಿಜಾರು ಚಪ್ಪಡಿ ಚಪ್ಪಡಿಯಾಗಿ ಒಡೆದು, ಗುಡುಗುಡು ಗುಡುಗುಡು ಎನ್ನುತ್ತ ಕೆಳಗಿಳಿಯಿತು. ಮಾಂತ್ರಿಕ ಮುಳುಗಿದ, ಎದ್ದ, ಮತ್ತೆ ಮುಳುಗಿದ. ಅವನ ದಂಡ ಲಟಕ್ಕನೆ ಮುರಿಯಿತು. ಮುರಿದದ್ದೇ ತಡ, ಮಾಳಲೆಯ ಮೈಮೇಲಿನ ಮಂಜುಗಡ್ಡೆ ಚೂರುಚೂರಾಗಿ ಉದುರಿತು!

ಚೆನ್ನಿಗ ಕುಣಿದಾಡಿಬಿಟ್ಟ. “ಅಕ್ಕಾ! ಗೆದ್ದೆವು ಅಕ್ಕಾ!”

ಮಾಳಲೆ ಅವನತ್ತ ನೋಡಲೇ ಇಲ್ಲ. ಕಪ್ಪು ಪೇಟ ಕೊನೆಯ ಸಲ ಕಂಡ ಜಾಗದಿಂದ ಕಣ್ಣು ಕೀಳದೆ, ಹಿಮ ಜಾರಿಹೋಗಿ ಬರಿದಾಗಿದ್ದ ನೆಲದ ಮೇಲೆ ಕೆಳಗೆ ಓಡುತ್ತಿದ್ದಳು. “ಕುಣಿದದ್ದು ಸಾಕು, ಸಲಿಕೆ ತಾರೋ!”

“ಅವನನ್ನ ಎತ್ತೋದಾ?”

“ಹಿಮದಡಿ ಇರೋದು ಒಬ್ಬ ಮನುಷ್ಯ ಕಣೋ. ಉಸಿರು ನಿಲ್ಲೋ ಮುಂಚೆ ತೋಡು! ಬೇಗ, ಬೇಗ!”

ಬಿದ್ದ ಹಿಮ ಆಗಲೇ ಗಾರೆಯಂತೆ ಬಿಗಿದಿತ್ತು. ಅವನು ಸಲಿಕೆಯಲ್ಲಿ ಒಡೆದ, ಅವಳು ಕೈಯಲ್ಲಿ ಬಾಚಿದಳು. ಪೇಟದ ತುದಿ ಸಿಕ್ಕಿತು. ಗಡ್ಡ ಸಿಕ್ಕಿತು. ನೀಲಿಗಟ್ಟಿದ ಮುಖ! ಮಾಳಲೆ ಅವನ ಬಾಯೊಳಗಿನ ಹಿಮ ತೆಗೆದು, ತಾಯಿಯನ್ನು ನೆನೆದು, ತನ್ನ ಉಸಿರನ್ನೇ ಊದಿದಳು. ಕದ್ದು ಕುಡಿಯುತ್ತಿದ್ದವನಿಗೆ ಮೊದಲ ಬಾರಿ ಒಬ್ಬರು ಉಸಿರನ್ನು ಕೈಯಾರೆ ಕೊಟ್ಟರು.

ಅವನು ಕೆಮ್ಮಿದ. ಕೆಮ್ಮಿದಂತೆಲ್ಲ ಬಾಯಿಂದ ಬಿಳಿ ಪಾರಿವಾಳಗಳು ಪಟಪಟನೆ ಹಾರಿಬಂದವು. ಅವನು ಕದ್ದ ಉಸಿರುಗಳೆಲ್ಲ ಅವೇ! ಪಾರಿವಾಳ ಕೂತಲ್ಲೆಲ್ಲ ಹಿಮ ಬಿರಿದು, ಎಂದೋ ಕಾಣೆಯಾದವರು ಮೈ ಕೊಡವಿಕೊಂಡು ಎದ್ದರು. ಉಣ್ಣೆ ವ್ಯಾಪಾರಿಗಳು ಎದ್ದರು, ಯಾತ್ರಿಕರು ಎದ್ದರು, ಒಂದಿಡೀ ಮದುವೆ ದಿಬ್ಬಣ ಬಾಸಿಂಗದ ಸಮೇತ ಎದ್ದಿತು. “ಮುಹೂರ್ತ ಮೀರಿಹೋಯಿತೇನ್ರೀ?” ಎಂದು ಮದುಮಗ ಗಾಬರಿಬಿದ್ದು ಕೇಳಿದಾಗ ಬೆಟ್ಟವೇ ನಕ್ಕಂತಾಯಿತು.

ಮಂತ್ರವೆಲ್ಲ ಇಳಿದುಹೋದ ಶೀತಜಂಘ ನಡುಗುವ ಮುದುಕನಾಗಿ ಕೂತಿದ್ದ. “ತಾಯೀ... ಇದೇನಿದು, ಮೈಯೆಲ್ಲ ಹೀಗಾಗ್ತಿದೆ?” ಎಂದ.

“ಚಳಿ ಅಂತಾರೆ ಅಜ್ಜ ಅದಕ್ಕೆ,” ಎಂದು ಮಾಳಲೆ ತನ್ನ ಕಂಬಳಿಯನ್ನು ಅವನಿಗೆ ಹೊದಿಸಿದಳು. “ನಡೀರಿ, ಮದುವೆ ಮನೇಲಿ ಒಲೆ ಹಚ್ಚೋಣ.”

ದಿಬ್ಬಣ ಊರಿಗಿಳಿಯಿತು. ಮದುವೆಯಾಯಿತು, ಊಟವಾಯಿತು, ಅಜ್ಜ ಮೂರು ಸಲ ಪಾಯಸ ಬಡಿಸಿಕೊಂಡ. ಆಮೇಲೆ ಶ್ವೇತಕೂಟದಲ್ಲಿ ಹೊರಟವರೆಲ್ಲ ಮನೆ ಸೇರಿದರು, ಕಾದವರೆಲ್ಲ ನಕ್ಕರು. ಎಲ್ಲವೂ ಆ ಮಹಾತಾಯಿಯ ದಯೆ.